ಕೆಂಪು ಪುಡಿ ಬಿದ್ದ ಮನೆ

ಬಾಳೆಹೊಸೂರಿನ ದೇವವ್ವ ರೊಟ್ಟಿ ಬಡಿದು ಬದುಕಿದವಳು. ಗಂಡ ಸತ್ತ ಮೇಲೆ ಲಕ್ಷ್ಮೇಶ್ವರದ ಖಾನಾವಳಿಗೆ ಖಡಕ್ ರೊಟ್ಟಿ ಕೊಟ್ಟೇ ಮಗನನ್ನು ಬೆಳೆಸಿದಳು, ಮದುವೆ ಮಾಡಿದಳು, ಮಹಿಳಾ ಸಂಘಕ್ಕೆ ಅಧ್ಯಕ್ಷೆಯೂ ಆದಳು. ಗದಗಿನ ಕಾಲೇಜಿನಿಂದ ಸಮಾಜಕಾರ್ಯ ಕಲಿಯುವ ಹುಡುಗಿಯರು ಬಂದರೆ ಮೊದಲು ಇಳಿಯುವುದು ಇವಳ ಮನೆಯಲ್ಲೇ. ಊರಿನ ಕಷ್ಟ ಹೇಳಿಕೊಡುವವಳು ಇವಳು, ಅದನ್ನು ಬರೆದು ಪಾಸಾಗುವವರು ಅವರು. ಅವಳಿಗೆ ಇದರದೊಂದು ಸಣ್ಣ ಜಂಬವೂ ಇತ್ತು, ಇದ್ದರೆ ತಪ್ಪೇನು?

ಈ ಸಲ ಬಂದ ಕಾಂಚನಾ, ಗುಡಿಯ ಮುಂದೆ ಹೆಂಗಸರ ಕೈಯಿಂದಲೇ ಊರಿನ ನಕ್ಷೆ ಬರೆಸುತ್ತೇನೆ ಎಂದಳು. ದೇವವ್ವ ತಾನೇ ಮನೆ ಮನೆಗೆ ಹೋಗಿ ಎಲ್ಲರನ್ನೂ ಕರೆತಂದಳು. ಬಿಳಿ ರಂಗೋಲಿಯಲ್ಲಿ ಓಣಿ, ಮನೆ, ಬಾವಿ ಮೂಡಿದವು. ಆಮೇಲೆ ಕಾಂಚನಾ ಕೆಂಪು ಪುಡಿ ತೆಗೆದು, ಜಡ್ಡು, ಕಾಯಿಲೆ ಇರುವ ಮನೆಯವರು ಮನಸ್ಸಿದ್ದರೆ ತಮ್ಮ ಮನೆಯ ಮೇಲೆ ಹಾಕಿ ಎಂದಳು. ಪಾಠದಲ್ಲಿ ಹಾಗಿತ್ತಂತೆ. ಊರೆಲ್ಲ ಕೂತು ನೋಡುವಾಗ ಮನಸ್ಸಿದ್ದರೆ ಎಂಬ ಮಾತಿಗೆ ಏನು ಬೆಲೆ?

ದೇವವ್ವನ ಸೊಸೆ ಮಾಯಾಗೆ ಟಿಬಿ. ಮೊನ್ನೆಯಷ್ಟೇ ಗುಳಿಗೆ ಶುರುವಾಗಿತ್ತು. ಸುದ್ದಿ ಹೊರಬಿದ್ದರೆ ಆ ಮನೆಯ ರೊಟ್ಟಿ ಯಾರು ಮುಟ್ಟುತ್ತಾರೆ? ಗುಳಿಗೆಯ ಪೊಟ್ಟಣ ನಿನ್ನೆ ಕಾಂಚನಾಳ ಕಣ್ಣಿಗೆ ಬಿದ್ದಿತ್ತು. ನಿಮ್ಮನ್ನು ಕೇಳದೆ ಬಾಯಿ ಬಿಡುವುದಿಲ್ಲ ಎಂದಿದ್ದಳು. ನೆರೆಯವರಿಗೆ ನೀವೇ ಹೇಳಬೇಕು ಎಂದೂ ಅಂದಿದ್ದಳು. ದೇವವ್ವ ಮೊದಲ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡಿದ್ದಳು. ಈಗ ಆ ಹುಡುಗಿ ತನ್ನ ಕಡೆ ನೋಡದಿದ್ದರೆ ಸಾಕಪ್ಪ ಎಂದು ಸೆರಗೊಳಗೆ ಕೈ ಹಿಸುಕಿಕೊಳ್ಳುತ್ತ ಕೂತಳು. ಹುಡುಗಿ ನೋಡಲೂ ಇಲ್ಲ.

ಪುಡಿ ಹಾಕಿದವಳು ಪಕ್ಕದ ಮನೆಯ ಕರೆವ್ವ. ಕೂಸಿನ ಕೆಮ್ಮು ನಿಲ್ಲುತ್ತಿಲ್ಲ, ಮೈಯೂ ಇಳಿದಿದೆ, ಥಂಡಿ ಇರಬೇಕು ಅಂದಳು. ಕರೆವ್ವ ಹೊಲಕ್ಕೆ ಹೋದಾಗಲೆಲ್ಲ ಆ ಕೂಸು ಮಲಗುತ್ತಿದ್ದದ್ದು ಮಾಯಾಳ ಮಗ್ಗುಲಲ್ಲಿ. ದೇವವ್ವನ ರೊಟ್ಟಿಯ ಚಿಂತೆ ಹಾರಿಹೋಯಿತು. ಎದ್ದು ಹಿಡಿ ಪುಡಿ ತೆಗೆದುಕೊಂಡು ತನ್ನ ಮನೆಯ ಮೇಲೆ ಸುರಿದಳು.

“ಕರೆವ್ವ, ನಮ್ಮ ಮಾಯಾಗ ಟಿಬಿ ಐತಿ. ನಾನ ಮುಚ್ಚಿ ಇಟ್ಟಿದ್ನಿ. ಕೂಸಿನ್ನ ಈಗ ದವಾಖಾನಿಗೆ ತೋರಸೋಣ ನಡಿ.”

ಕೂಸನ್ನು ಕರೆವ್ವ ಇವತ್ತೂ ಮಾಯಾಳ ಹತ್ತಿರವೇ ಬಿಟ್ಟು ಬಂದಿದ್ದಳು. ನಕ್ಷೆಯನ್ನು ತುಳಿದುಕೊಂಡೇ ದೇವವ್ವನ ಮನೆಯ ಕಡೆ ಓಡಿದಳು.