ಒಂದು ಇಂಜಿನ್ನಿಗೆ ಒಂದೇ ಕೈ

ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಎಲ್ಲಿ ಎಂದು ಕೇಳಿದರೆ ಹತ್ತು ಜನ ಹತ್ತು ದಿಕ್ಕು ತೋರಿಸುತ್ತಾರೆ. ರೇಸಿನ ಕಾರಿಗೆ ಇಂಜಿನ್ ಕಟ್ಟುವವರು ಯಾರು ಎಂದು ಕೇಳಿದರೆ ಮಾತ್ರ ಎಲ್ಲರ ಕೈಯೂ ಒಂದೇ ಕಡೆ ಚಾಚುತ್ತದೆ: ಹೆದ್ದಾರಿ ಬದಿಯ ಮಕ್ತುಮಸಾಬರ ಶೆಡ್ಡು. ಅಲ್ಲಿಗೆ ಹೋದವರು ಬಿಳಿ ಗಡ್ಡದ ಮಕ್ತುಮಸಾಬರನ್ನು ನೋಡಿ ಕೈಮುಗಿಯುತ್ತಾರೆ. ಪಕ್ಕದಲ್ಲೇ ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟು, ಇಂಜಿನ್ನಿನ ಹೊಟ್ಟೆಯೊಳಗೆ ಮೊಳಕೈತನಕ ಕೈ ಇಳಿಸಿಕೊಂಡು ನಿಂತ ಹೆಂಗಸನ್ನು ನೋಡಿ, "ಕುಡಿಯಾಕ ಒಂದೀಟು ನೀರು ಕೊಡ್ರಿ" ಎನ್ನುತ್ತಾರೆ. ರೋಹಿಣಿ ಕೈ ಒರೆಸಿಕೊಂಡು ಹೋಗಿ ತಂದುಕೊಡುತ್ತಿದ್ದಳು. ಹನ್ನೊಂದು ವರ್ಷ ಹಾಗೆ ಕೊಟ್ಟಳು. ಕೇಳುವವರಿಗೆ ನಾಚಿಕೆ ಇರಲಿಲ್ಲ, ಕೊಡುವವಳಿಗೆ ಬೇಸರ ಇರಲಿಲ್ಲ.

ರೋಹಿಣಿ ಬ್ಯಾಡಗಿಯವಳು. ತಾಯಿ ಚೌಡವ್ವ ಮೆಣಸಿನಕಾಯಿಯ ತುಂಬು ಬಿಡಿಸುವ ಕೆಲಸದವಳು. ಅಂದರೆ ವ್ಯಾಪಾರಿಗಳ ಗೋದಾಮಿನಲ್ಲಿ ಚೀಲಗಟ್ಟಲೆ ಒಣಮೆಣಸಿನಕಾಯಿ ಸುರಿದುಕೊಂಡು ಒಂದೊಂದರ ತೊಟ್ಟು ಕೀಳುವವಳು. ಮಗಳೂ ಲಂಗ ಹಾಕುವ ವಯಸ್ಸಿನಿಂದ ಆ ರಾಶಿಯ ಮುಂದೆ ಕೂತವಳೇ. ಆ ಕೆಲಸದಲ್ಲಿ ಕಣ್ಣಿಗಿಂತ ಬೆರಳು ಚುರುಕಾಗಬೇಕು. ಹಸಿ ಯಾವುದು, ಒಣಗಿದ್ದು ಯಾವುದು, ಒಳಗೇ ಬೂಸ್ಟು ಹಿಡಿದದ್ದು ಯಾವುದು ಎಂದು ನೋಡುತ್ತಾ ಕೂತರೆ ಸಂಜೆಯಾದರೂ ಒಂದು ಚೀಲ ಮುಗಿಯುವುದಿಲ್ಲ.

ಗಂಡ ಮೈಲೇಶ ಹಾವೇರಿ, ಬ್ಯಾಡಗಿ ನಡುವೆ ಸಾಮಾನು ಸಾಗಿಸುವ ಸಣ್ಣ ಗಾಡಿ ಓಡಿಸುತ್ತಾನೆ. ಹನ್ನೊಂದು ವರ್ಷದ ಹಿಂದೆ ಆ ಗಾಡಿಯ ಇಂಜಿನ್ ಬಿಚ್ಚಿ ಮಕ್ತುಮಸಾಬರ ಶೆಡ್ಡಿನಲ್ಲಿ ಹರವಿದ್ದರು. ಬುತ್ತಿ ತಂದ ರೋಹಿಣಿಗೆ ಸುಮ್ಮನೆ ಕೂರಲು ಬರಲಿಲ್ಲ. ತಟ್ಟೆಯೊಂದರಲ್ಲಿ ಕಲೆತು ಬಿದ್ದ ವಾಷರುಗಳನ್ನು ಬೇರೆ ಬೇರೆ ಮಾಡಿ ಸಾಲಾಗಿ ಇಟ್ಟಳು. ಒಂದನ್ನು ಮಾತ್ರ ದೂರ ಇಟ್ಟಿದ್ದಳು.

"ಇದನ್ಯಾಕ ಬ್ಯಾರೆ ಇಟ್ಟೀಯವಾ?" ಎಂದು ಮಕ್ತುಮಸಾಬ ಕೇಳಿದರು.

"ತೆಳ್ಳಗೈತ್ರಿ."

ಅವರು ಅಳೆದು ನೋಡಿದರು. ಉಳಿದವಕ್ಕಿಂತ ಅರ್ಧ ತಲೆಗೂದಲಿನಷ್ಟು ತೆಳ್ಳಗಿತ್ತು. ಮಾರನೆಯ ವಾರದಿಂದ ರೋಹಿಣಿ ಬ್ಯಾಡಗಿಯಿಂದ ದಿನಾ ಬಸ್ಸು ಹತ್ತತೊಡಗಿದಳು.

ಮೊದಲು ಭಾಗಗಳನ್ನು ತೊಳೆದಳು. ಆಮೇಲೆ ಟ್ರ್ಯಾಕ್ಟರು, ಜೀಪುಗಳ ಇಂಜಿನ್ ಕಟ್ಟಿದಳು. ರೇಸಿನ ಇಂಜಿನ್ ಮಾತ್ರ ಬೇರೆಯೇ ಬಾಬತ್ತು. ಊರ ಕಾರಿನ ಇಂಜಿನ್ ಒಂದು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗಿದರೆ ಹೆಚ್ಚು. ಇದು ಎಂಟು ಸಾವಿರ ತಿರುಗಬೇಕು, ಅದೂ ಒದರುತ್ತಾ. ಅದಕ್ಕೇ ನಾಲ್ಕೂ ಪಿಸ್ಟನ್ನುಗಳನ್ನು ಅಕ್ಕಸಾಲಿಗರ ತಕ್ಕಡಿ ಕಡ ತಂದು ತೂಗುತ್ತಾರೆ. ಒಂದು ಗುಲಗಂಜಿ ಹೆಚ್ಚಿದ್ದರೂ ಒಳಬದಿಯಲ್ಲಿ ಸವರಿ ಸರಿಮಾಡುತ್ತಾರೆ. ಪ್ರತಿ ಬೋಲ್ಟನ್ನೂ ಬಿಗಿ ಎಷ್ಟೆಂದು ತೋರಿಸುವ ಪಾನಾದಿಂದ ಮೂರು ಹಂತದಲ್ಲಿ ಬಿಗಿಯುತ್ತಾರೆ. ಬೇರಿಂಗಿಗೂ ಕ್ರ್ಯಾಂಕಿನ ದಂಡಕ್ಕೂ ನಡುವೆ ಎಣ್ಣೆ ನಿಲ್ಲುವಷ್ಟು ಸಂದು ಇದೆಯೇ ಎಂದು ನೋಡಲು ಮೇಣದಂಥ ಒಂದು ಎಳೆ ಇಟ್ಟು, ಬಿಗಿದು, ಮತ್ತೆ ಬಿಚ್ಚಿ, ಎಳೆ ಎಷ್ಟು ಅಗಲ ಚಪ್ಪಟೆಯಾಗಿದೆ ಎಂದು ಅಳೆಯುತ್ತಾರೆ. ಕೊನೆಗೆ ದಂಡವನ್ನು ಎರಡೇ ಬೆರಳಿನಿಂದ ತಿರುಗಿಸುತ್ತಾರೆ. ಎಳೆ ಹೇಳಿದ್ದನ್ನೇ ಬೆರಳೂ ಹೇಳಬೇಕು. ಇಬ್ಬರ ಮಾತು ಬೇರೆಯಾದರೆ ಮತ್ತೆ ಮೊದಲಿನಿಂದ.

ಮಕ್ತುಮಸಾಬರ ಶೆಡ್ಡಿನ ಕಾನೂನು ಒಂದೇ: ಒಂದು ಇಂಜಿನ್ನಿಗೆ ಒಂದೇ ಕೈ. ಶುರು ಮಾಡಿದವರೇ ಮುಗಿಸಬೇಕು, ನಡುವೆ ಇನ್ನೊಬ್ಬರು ಒಂದು ನಟ್ಟನ್ನೂ ಮುಟ್ಟಬಾರದು. ಮುಗಿದ ಮೇಲೆ ಕಟ್ಟಿದವರ ಅಕ್ಷರ ಕೆತ್ತಿದ ಪುಟ್ಟ ಹಿತ್ತಾಳೆ ಬಿಲ್ಲೆಯನ್ನು ಇಂಜಿನ್ನಿನ ಬದಿಗೆ ಜಡಿಯುತ್ತಾರೆ. ಕಟ್ಟಿದವರ ತಪ್ಪಿನಿಂದ ಇಂಜಿನ್ ಕೆಟ್ಟರೆ ಬಿಲ್ಲೆ ಕಿತ್ತುಹಾಕುತ್ತಾರೆ, ಆಮೇಲೆ ಅವರಿಗೆ ರೇಸಿನ ಇಂಜಿನ್ ಕೊಡುವುದಿಲ್ಲ. ಅಬ್ದುಲಗನಿ ಎಂಬ ಒಳ್ಳೆಯ ಕೆಲಸಗಾರನ ಬಿಲ್ಲೆ ಹಾಗೆ ಕಿತ್ತದ್ದಕ್ಕೇ ಅವನು ಮುನಿಸಿಕೊಂಡು ಹಾವೇರಿಗೆ ಹೋಗಿ ಬೇರೆ ಅಂಗಡಿ ಇಟ್ಟದ್ದು. ಅವನು ಹೋದ ಮೇಲೆ ಹೊರಟ ಬಿಲ್ಲೆಗಳೆಲ್ಲ 'ಮ'. ಮಕ್ತುಮಸಾಬರು ಬಿಡುವಿದ್ದಾಗ ಹತ್ತಾರು 'ಮ' ಕೆತ್ತಿ ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರು ತಮ್ಮ ಕಾನೂನನ್ನು ತಾವೇ ಸಡಿಲ ಬಿಡುತ್ತಿದ್ದರು. ದಂಡ ಕೂರಿಸಿದ ಮೇಲೆ, "ಒಂದ್ಸಲ ತಿರಗಿಸಿ ನೋಡವಾ" ಎಂದು ರೋಹಿಣಿಯನ್ನು ಕರೆಯುವರು. ಅವಳು ತಿರುಗಿಸಿ, "ಮೂರನೇದ್ರಾಗ ಚೂರು ಬಿಗಿ ಐತ್ರಿ" ಎಂದೋ "ಹಗೂರ ಐತ್ರಿ" ಎಂದೋ ಹೇಳುವಳು. ಅವರು ತಲೆಯಾಡಿಸುವರು. ಕೆಲಸ ಕಲಿಸಿದ ಉಸ್ತಾದರು ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಅವಳು ತಿಳಿದಿದ್ದಳು. ಅವರ ಕೈಯ ಬಗ್ಗೆ ಊರಿನಲ್ಲಿ ಕಥೆಗಳೇ ಇದ್ದವು. ಕುದಿಯುವ ಚಹಾದ ಗ್ಲಾಸನ್ನು ಅಂಗೈ ತುಂಬ ಹಿಡಿದು ಕೂರುತ್ತಿದ್ದರು. ಕಬ್ಬಿಣ ಹಿಡಿದು ಹಿಡಿದು ಕಬ್ಬಿಣವೇ ಆದ ಕೈ ಎಂದು ಜನ ಬಾಯಿ ತೆರೆದು ನೋಡುತ್ತಿದ್ದರು.

ಈ ವರ್ಷ ಸುಗ್ಗಿಯ ಹೊತ್ತಿಗೆ ಬೀಜದ ವ್ಯಾಪಾರಿ ಮನೆತನದ ಸುನೀಲಕುಮಾರ ತನ್ನ ರೇಸಿನ ಕಾರಿನ ಇಂಜಿನ್ ತಂದು ಇಳಿಸಿದ. ಹಾವೇರಿಯ ಹೊರಗಿನ ಮೈದಾನದಲ್ಲಿ ಮಣ್ಣಿನ ದಾರಿಯ ಓಟ, ಬರುವ ಭಾನುವಾರದ ಮುಂದಿನ ಭಾನುವಾರ. ಮಕ್ತುಮಸಾಬರು ಗಡ್ಡ ಸವರುತ್ತಾ, "ಇದನ್ನ ರೋಹಿಣಿ ಕಟ್ತಾಳ. ಬಿಲ್ಲೆ ಆಕೀದ" ಎಂದರು. ಸುನೀಲಕುಮಾರ ಒಮ್ಮೆ ಅವಳನ್ನು, ಒಮ್ಮೆ ಇಂಜಿನ್ನನ್ನು ನೋಡಿ, "ನೀವು ಹೂಂ ಅಂದ್ರ ನಂದೂ ಹೂಂ" ಎಂದ. ರೋಹಿಣಿಗೆ ಆ ದಿನ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನಿಂತೇ ಬಂದೆನೆಂಬುದು ಮನೆ ಮುಟ್ಟಿದ ಮೇಲೆ ಗೊತ್ತಾಯಿತು. ಅಷ್ಟು ಖುಷಿಯಾಗಿತ್ತು ಅವಳಿಗೆ.

ಆ ವಾರವೆಲ್ಲ ತೊಳೆದಳು, ತೂಗಿದಳು, ಅಳೆದಳು. ನಡುವಿನ ಭಾನುವಾರ ಮನೆಯಲ್ಲಿದ್ದಳು. ಚೌಡವ್ವ ಮಗಳ ಮನೆಯಲ್ಲೇ ಇರುವವಳು. ಮರುದಿನ ಲಾರಿ ಬರುತ್ತದೆಂದು ಆರು ಚೀಲ ಮೆಣಸಿನಕಾಯಿಯನ್ನು ಪಡಸಾಲೆಯಲ್ಲೇ ಸುರಿದುಕೊಂಡಿದ್ದಳು. ತಾಯಿ ಒಬ್ಬಳೇ ಬಗ್ಗಿ ಕೂತದ್ದು ನೋಡಲಾಗದೆ ರೋಹಿಣಿಯೂ ಕೂತಳು. ಧೂಳು ಹಾರುತ್ತದೆಂದು, ಒಗೆಯಲು ತಂದಿದ್ದ ಶೆಡ್ಡಿನ ಖಾಕಿ ಅಂಗಿಯನ್ನೇ ಸೀರೆಯ ಮೇಲೆ ತೊಟ್ಟಳು. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಕೈಯನ್ನು ಅಷ್ಟಾಗಿ ಸುಡುವುದಿಲ್ಲ. ಈ ಆರು ಚೀಲ ಗುಂಟೂರು ಕಡೆಯ ಕಾಯಿ. ಸಂಜೆಗೆ ಎರಡೂ ಕೈ ಕೆಂಡವಾದವು. ಮಜ್ಜಿಗೆಯಲ್ಲಿ ಅದ್ದಿದಳು, ಕೊಬ್ಬರಿ ಎಣ್ಣೆ ಹಚ್ಚಿದಳು. ಅಂಗಿಯನ್ನು ಒಗೆದು ಹಾಕಿದಳು, ಮಡಿಚಿದ ತೋಳನ್ನು ಬಿಡಿಸದೆಯೇ.

ಸೋಮವಾರ ಉರಿ ಕಡಿಮೆಯಾಗಿತ್ತು. ಅದಕ್ಕೇ ಕೈ ಸರಿಹೋಯಿತು ಎಂದುಕೊಂಡಳು. ದಂಡವನ್ನು ಐದು ಕಡೆ ಐದು ಕ್ಯಾಪು ಅದುಮಿ ಹಿಡಿಯುತ್ತವೆ. ನಾಲ್ಕಕ್ಕೆ ಎಳೆ ಇಟ್ಟು ನೋಡಿದಳು, ಸರಿಯಿತ್ತು. ಐದನೆಯದಕ್ಕೆ ಬರುವಾಗ ಎಳೆ ಮುಗಿದಿತ್ತು. ಹುಬ್ಬಳ್ಳಿಯಿಂದ ಹೊಸ ಪೊಟ್ಟಣ ಬರಲು ಮೂರು ದಿನ. ಸುನೀಲಕುಮಾರನೋ, ಬುಧವಾರ ಬಂದು ಒಯ್ಯುವವನು. ಹೇಗೂ ತನ್ನ ಬೆರಳಿದೆಯಲ್ಲ, ಇಷ್ಟು ವರ್ಷ ಉಸ್ತಾದರ ಪರೀಕ್ಷೆಯಲ್ಲಿ ಪಾಸಾದ ಬೆರಳು. ಐದನೆಯದನ್ನೂ ಬಿಗಿದು ಎರಡು ಬೆರಳಿನಿಂದ ತಿರುಗಿಸಿದಳು. ಬೆಣ್ಣೆಯಂತೆ ತಿರುಗಿತು. ಮಂಗಳವಾರ ಪಿಸ್ಟನ್ನು ಇಳಿಸಿ, ಮೇಲಿನ ಹೆಡ್ಡು ಕೂರಿಸಿ ಮುಗಿಸಿದಳು. ಸಂಜೆ ಮಕ್ತುಮಸಾಬರು 'ರೋ' ಎಂದು ಕೆತ್ತಿದ ಬಿಲ್ಲೆಯನ್ನು ಅವಳ ಕೈಗೇ ಕೊಟ್ಟು ಜಡಿಸಿದರು.

ಬುಧವಾರ ಮುಂಜಾನೆ ರೊಟ್ಟಿಗೆ ಕೂತಳು. ಎರಡು ದಿನ ಮಗಳ ಕೈ ಉರಿ ಎಂದು ಚೌಡವ್ವನೇ ಬಡಿದಿದ್ದಳು. ಹಂಚಿನ ಮೇಲಿನ ರೊಟ್ಟಿಯನ್ನು ಬೆರಳಿನಿಂದ ಹೊರಳಿಸುತ್ತಾ ರೋಹಿಣಿ ಮೈಲೇಶನಿಗೆ ಬಿಲ್ಲೆಯ ಕಥೆಯನ್ನು ಎರಡನೆಯ ಸಲ ಹೇಳುತ್ತಿದ್ದಳು.

"ಯವ್ವಾ, ಕೈ ತಗೀಬೇ! ಹಂಚಿನ ಮ್ಯಾಲ ಐತಿ ಕೈ!" ಎಂದು ಚೌಡವ್ವ ಕೂಗಿದಳು.

ರೋಹಿಣಿ ನೋಡಿದಳು. ಎರಡು ಬೆರಳ ತುದಿ ಹಂಚಿಗೇ ಅಂಟಿಕೊಂಡಿತ್ತು. ಸುಟ್ಟ ವಾಸನೆ ಬಂತು, ಸುಟ್ಟದ್ದು ಗೊತ್ತಾಗಲಿಲ್ಲ. ತಾಯಿ ಅರಿಸಿನಕ್ಕೆ ಓಡಿದಳು. ರೋಹಿಣಿ ಕೂತಲ್ಲೇ ಕೂತಳು. ಹಂಚಿನ ಬಿಸಿಯೇ ತಿಳಿಯದ ಬೆರಳಿಗೆ ಸೋಮವಾರ ಐದನೆಯ ಕ್ಯಾಪಿನಲ್ಲಿ ಏನು ತಿಳಿದಿದ್ದೀತು? ಬೆಣ್ಣೆಯಂತಿದ್ದದ್ದು ದಂಡವಲ್ಲ, ತನ್ನ ಬೆರಳು.

ಬಸ್ಸಿನಲ್ಲಿ ಅವಳ ಮನಸ್ಸು ಎರಡೂ ಕಡೆ ವಾದ ಮಾಡಿತು. ನಾಲ್ಕು ಸರಿಯಿವೆ, ಐದನೆಯದೂ ಸರಿಯಿರಬಹುದು. ಸುಮ್ಮನಿದ್ದರೆ ಬಿಲ್ಲೆ ಉಳಿಯುತ್ತದೆ. ಹೇಳಿದರೆ ಇಂದೇ ಹೋಗುತ್ತದೆ, ಹನ್ನೊಂದು ವರ್ಷ ಕಾದು ಪಡೆದದ್ದು ಒಂದು ದಿನವೂ ನಿಲ್ಲದೆ. ಅವಳಿಗೆ ಅಳು ಬಂತು, ತನ್ನ ಮೇಲೆಯೇ ಸಿಟ್ಟು ಬಂತು. ಶೆಡ್ಡಿನ ಮುಂದೆ ಸುನೀಲಕುಮಾರನ ಟೆಂಪೋ ಆಗಲೇ ನಿಂತಿತ್ತು.

"ಉಸ್ತಾದ್ರ, ಇಂಜಿನ್ ಕೊಡಬ್ಯಾಡ್ರಿ" ಎಂದಳು, ಚಪ್ಪಲಿಯನ್ನೂ ಬಿಡದೆ.

"ಯಾಕವಾ?"

"ಸೋಮವಾರ ನನ್ನ ಬೆರಳಿಗೆ ಖಬರ ಇರಲಿಲ್ರಿ. ಮೆಣಸಿನಕಾಯಿ ಬಿಡಿಸಿದ್ದೆ. ಐದನೇ ಕ್ಯಾಪಿಗೆ ಎಳಿ ಇಟ್ಟಿಲ್ಲ, ಬರೇ ಕೈಲೆ ನೋಡೇನಿ."

ಸುನೀಲಕುಮಾರ ನಡುವೆ ಬಾಯಿ ಹಾಕಿದ. "ಏನ್ರೀ ಅಕ್ಕಾರ, ಐತವಾರ ರೇಸ್ ಐತಿ! ತಿರಗತೈತಿಲ್ಲೋ? ಮತ್ತೇನ್ ಬೇಕು?"

"ತಿರಗತೈತ್ರಿ. ಎಲ್ಲೀತನಾ ತಿರಗತೈತಿ ಅನ್ನೂದು ಗೊತ್ತಿಲ್ಲ. ಜೋರಿನ್ಯಾಗ ಹಿಡಕೊಂತಂದ್ರ ಒಳಗ ಕುಂತಾವ್ರು ನೀವು."

ಮಕ್ತುಮಸಾಬರು ಪಾನಾ ತೆಗೆದು ಅವಳ ಮುಂದಿಟ್ಟು, "ಬಿಚ್ಚು" ಎಂದರು. ಅವಳು ಮೊದಲು ಕಿತ್ತದ್ದು ಬಿಲ್ಲೆಯನ್ನು. ಅದನ್ನು ಕೀಳೆಂದು ಯಾರೂ ಹೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಐದನೆಯ ಕ್ಯಾಪು ಹೊರಗೆ ಬಂತು. ಬೇರಿಂಗಿನ ಅರ್ಧ ಚಂದ್ರವನ್ನು ತೆಗೆದು ಹೊರಳಿಸಿದಳು. ಬೆನ್ನಿಗೆ ಕೆಂಪಗೆ ಏನೋ ಅಂಟಿತ್ತು, ಜೋಳದ ಕಾಳಿನಷ್ಟು ಅಗಲ, ಕಾಗದದಷ್ಟು ತೆಳ್ಳಗೆ. ಅದರ ಉಬ್ಬಿಗೆ ಎದುರು ಬದಿಯಲ್ಲಿ, ಬರೀ ಕೈಯಲ್ಲಿ ತಿರುಗಿಸಿದ್ದಕ್ಕೇ ದಂಡ ಉಜ್ಜಿ ಹೊಳೆಯುವ ಕಲೆ ಬಿದ್ದಿತ್ತು. ನೆಟ್ಟಗಿದ್ದ ಬೆರಳಾಗಿದ್ದರೆ ಆ ಬಿಗಿ ಮೊದಲ ಸುತ್ತಿಗೇ ಸಿಗುತ್ತಿತ್ತು.

"ಏನ್ರಿ ಅದು?" ಎಂದ ಸುನೀಲಕುಮಾರ.

"ಮೆಣಸಿನಕಾಯಿ ಸಿಪ್ಪಿರಿ" ಎಂದಳು ರೋಹಿಣಿ. ಅಂಗಿಯ ತೋಳಿನ ಮಡಿಕೆ ಬಿಡಿಸಿ ಕೊಡವಿದಳು. ಇನ್ನೂ ಎರಡು ಚೂರು ಬಿದ್ದವು.

ಅವನು ಆ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಭಾನುವಾರದ ಮಾತನ್ನು ಮತ್ತೆ ಎತ್ತಲಿಲ್ಲ. ಚಹಾ ಬೇಡವೆಂದು ಹೊರಟ. ಸಂಜೆಯೊಳಗೆ 'ಮೆಣಸಿನಕಾಯಿ ಇಂಜಿನ್' ಎಂಬ ಹೆಸರು ಪೇಟೆಯನ್ನೆಲ್ಲ ಸುತ್ತಿ ಬಂತು, ಅವನ ಕಾರಿಗಿಂತ ಜೋರಾಗಿ.

ಮಕ್ತುಮಸಾಬರ ಹೆಂಡತಿ ಸೈದಾಬಿ ಚಹಾ ತಂದಿಟ್ಟು ಹೋದಳು. ರೋಹಿಣಿ ಬಿಲ್ಲೆಯನ್ನು ಉಸ್ತಾದರ ಮುಂದೆ ಇಟ್ಟಳು. "ಅಬ್ದುಲಗನಿಗೆ ಮಾಡಿದ್ದ ನನಗೂ ಮಾಡ್ರಿ" ಎಂದಳು.

ಅವರು ಚಹಾದ ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಅವಳ ಕಡೆ ಚಾಚಿದರು. "ಇದನ್ನ ಮುಂಗೈಗೆ ಮುಟ್ಟಿಸಿ ನೋಡು."

ಮುಟ್ಟಿಸಿದಳು, ಚುರ್ ಎಂದು ಕೈ ಹಿಂದೆಳೆದಳು.

"ನನಗ ಸುಡಂಗಿಲ್ಲ" ಎಂದರು. "ಸಕ್ಕರಿ ಬ್ಯಾನಿ ಬೆರಳಿನ ಜೀವ ತಿಂದೈತಿ. ನಾಕ್ ವರ್ಷ ಆತು."

ರೋಹಿಣಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. 'ಒಂದ್ಸಲ ತಿರಗಿಸಿ ನೋಡವಾ.' ನಾಲ್ಕು ವರ್ಷ, ಒಂಬತ್ತು ಇಂಜಿನ್. ಅದು ಪರೀಕ್ಷೆಯಾಗಿರಲಿಲ್ಲ.

"ಆ ಒಂಬತ್ತೂ..."

"ನಿನ್ನ ಕೈಯಾಗ ಪಾಸಾಗಿ ಹೋಗ್ಯಾವ. ಬಿಲ್ಲೆ ನಂದು."

ಅವಳಿಗೆ ಮೊದಲು ಬಂದದ್ದು ಸಿಟ್ಟು, ಮರುಕವಲ್ಲ. "ಹೇಳಬೇಕಿತ್ರಿ ಉಸ್ತಾದ್ರ!" ಎಂದು ದನಿ ಏರಿಸಿದಳು. ಆ ಶೆಡ್ಡಿನಲ್ಲಿ ಅವಳು ದನಿ ಏರಿಸಿದ್ದು ಅದೇ ಮೊದಲು.

"ಹೇಳಬೇಕಿತ್ತು. ಅಂಜಿದೆ. ಕೈ ಹೋತು ಅಂದ್ರ ಉಸ್ತಾದ ಅಂತ ಯಾರ್ ಕರೀತಾರ? ನೀ ಚಪ್ಪಲಿ ಸೈತ ಬಿಡಲಿಲ್ಲ, ಬಂದಾಕಿನ ಹೇಳಿದಿ. ನಾ ನಾಕ್ ವರ್ಷ ಬಾಯಿ ಬಿಡಲಿಲ್ಲ." ಅವರ ಕಣ್ಣು ತುಂಬಿತ್ತು. ಡಬ್ಬಿ ತೆರೆದು, ಉಳಿದ 'ಮ' ಬಿಲ್ಲೆಗಳನ್ನು ಅವಳ ಮುಂದೆ ಸುರಿದು ಒಂದನ್ನು ಬೋರಲು ಹಾಕಿದರು. "ಇದರ ಬೆನ್ನಿಗೆ ನಿಂದು ಬರಿ."

"ಕೈ ಬರಲಿ ಮದಲ" ಎಂದಳು ರೋಹಿಣಿ.

ಕೈ ಬರಲು ಒಂಬತ್ತು ದಿನ ಬೇಕಾಯಿತು. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಎಳೆಯ ಪೊಟ್ಟಣವೂ ಬಂತು, ಹೊಸ ಬೇರಿಂಗೂ ಬಂತು. ಐದೂ ಕ್ಯಾಪಿಗೆ ಎಳೆ ಇಟ್ಟು, ಬಿಚ್ಚಿ, ಅಳೆದು, ಮತ್ತೆ ಬಿಗಿದು ಕಟ್ಟಿದಳು. ಹಾವೇರಿಯ ಓಟ ತಪ್ಪಿಹೋಗಿತ್ತು. ಮುಂದಿನ ತಿಂಗಳು ಬೇರೆ ಊರಿನ ಓಟದಲ್ಲಿ ಸುನೀಲಕುಮಾರ ನಾಲ್ಕನೆಯವನಾಗಿ ಬಂದ. ಇಂಜಿನ್ ಸರಿಯಿತ್ತು, ತಿರುವಿನಲ್ಲಿ ಅವನೇ ಸರಿಯಿರಲಿಲ್ಲ ಎಂದು ನೋಡಿದವರು ಹೇಳಿದರು. ಆಮೇಲೆ ಅವನೇ ಇನ್ನೊಬ್ಬ ಗೆಳೆಯನನ್ನು ಶೆಡ್ಡಿಗೆ ಕರೆತಂದ.

ಈಗ ಅಲ್ಲಿಂದ ಹೊರಡುವ ಇಂಜಿನ್ನುಗಳ ಬಿಲ್ಲೆಯ ಮೇಲೆ 'ರೋ' ಎಂದಿರುತ್ತದೆ. ಹಿಂಬದಿಯ 'ಮ' ಇಂಜಿನ್ನಿಗೆ ಅಂಟಿಕೊಂಡು ಒಳಗೇ ಇರುತ್ತದೆ. ಬಂದವರು ಇಂದಿಗೂ ಆ ಹೆಂಗಸಿನ ಕಡೆ ತಿರುಗಿ ನೀರು ಕೇಳುವುದುಂಟು. ಆಗ ಮಕ್ತುಮಸಾಬರೇ ಸ್ಟೂಲಿನಿಂದ ಎದ್ದು, ತಂಬಿಗೆಯನ್ನು ಜಾರಬಾರದೆಂದು ಎರಡೂ ಕೈಯಲ್ಲಿ ಹಿಡಿದು ತಂದುಕೊಡುತ್ತಾರೆ.

"ತಗೋರಿ" ಎನ್ನುತ್ತಾರೆ. "ಉಸ್ತಾದ್ರ ಕೈ ಖಾಲಿ ಇಲ್ಲ."