ಟೇಲರ್ರ ತಬಲಾ ಮತ್ತು ಬಾಯಿ ಮುಚ್ಚಿಸುವ ಗುಂಡಿ

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರ್ ಇದೆ. ಹಾಡಿನ ಶ್ರುತಿ, ತಾಳ, ಸ್ವರಮೇಳ ಬರೆದುಕೊಟ್ಟರೆ ಸಾಕು, ತಬಲಾ, ಗಿಟಾರು, ಕೊಳಲು ಎಲ್ಲ ಸೇರಿಸಿ ತಾನೇ ಹಿಮ್ಮೇಳ ಕಟ್ಟಿಕೊಡುತ್ತದೆ. ಪ್ರತಿ ವಾದ್ಯದ ಪಕ್ಕದಲ್ಲಿ ಒಂದು ಪುಟ್ಟ ಗುಂಡಿ. ಒತ್ತಿದರೆ ಆ ವಾದ್ಯದ ಬಾಯಿ ಬಂದ್. ಮೊದಲ ಸಲ ಒತ್ತಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ವೇದಿಕೆಗಳಲ್ಲಿ ಮೂವತ್ತು ವರ್ಷ ಭಾವಗೀತೆ ಹಾಡಿದವನು ನಾನು. ಎರಡು ಹಾಡಿಗೆಂದು ಕರೆಸಿ ಆರು ಭಾಷಣ ಕೇಳಿಸಿದವರನ್ನೆಲ್ಲ ನೆನೆದು, ಇಂಥದೊಂದು ಗುಂಡಿ ಸಭೆಯ ಅಧ್ಯಕ್ಷರಿಗೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂದುಕೊಂಡೆ.

ಅದಕ್ಕೂ ಮೊದಲು ನನ್ನ ಹಿಮ್ಮೇಳವೆಂದರೆ ಒಬ್ಬರೇ ಮನುಷ್ಯ. ಎಕ್ಕಂಬಿಯಲ್ಲಿ ಹೊಲಿಗೆ ಅಂಗಡಿ ಇಟ್ಟವರು, ತಬಲಾ ಬಾರಿಸುವವರು. ಹದಿನೆಂಟು ವರ್ಷ ನನ್ನ ಜೊತೆ ಊರೂರು ಸುತ್ತಿದ್ದಾರೆ. ಎಲ್ಲರೂ ಟೇಲರ್ರು ಅಂತಲೇ ಕರೆಯುವುದು, ನಾನೂ ಹಾಗೆಯೇ. ಕೈ ಒಳ್ಳೆಯದು, ಸುಳ್ಳು ಹೇಳಬಾರದು. ಆದರೆ ಎರಡು ಕೆಟ್ಟ ಚಾಳಿ. ಒಂದು, ಚಿಕ್ಕ ಸುತ್ತಿಗೆ ಹಿಡಿದು ತಬಲಾ ಶ್ರುತಿ ಮಾಡಲು ಕೂತರೆ ಸಭೆ ಸೇರಿ, ಸ್ವಾಗತ ಮುಗಿದು, ದೀಪ ಹಚ್ಚಿದರೂ ಅವರ ಟಕ್ ಟಕ್ ಮುಗಿಯುತ್ತಿರಲಿಲ್ಲ. ಇನ್ನೊಂದು, ಪ್ರತಿ ಹಾಡಿನ ಕೊನೆಗೂ ತಿಹಾಯಿ. ಪೆಟ್ಟುಗಳ ಒಂದೇ ಗೊಂಚಲನ್ನು, ಅಂದರೆ ಒಂದೇ ಬೋಲನ್ನು, ಮೂರು ಸಲ ಬಾರಿಸಿ ಮೂರನೆಯದರ ಕೊನೆಯ ಪೆಟ್ಟನ್ನು ತಾಳದ ಮೊದಲ ಮಾತ್ರೆಗೆ ತಂದು ನಿಲ್ಲಿಸುವ ಆ ಕಸರತ್ತು ಮುಗಿಸಿ, ಮಗಳ ಮದುವೆ ಮಾಡಿ ಕಳಿಸಿದವರ ಹಾಗೆ ನನ್ನ ಮುಖ ನೋಡುವುದು. ಜನ ಚಪ್ಪಾಳೆ ಹೊಡೆಯುತ್ತಿದ್ದದ್ದು ಆ ಮೂರು ಪೆಟ್ಟಿಗೋ ನನ್ನ ಹಾಡಿಗೋ ಎಂದು ತಿಳಿಯುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ಈಗ ಹೇಳಲು ನಾಚಿಕೆಯೇನಿಲ್ಲ.

ಲ್ಯಾಪ್‌ಟಾಪು ಬಂದ ಮೇಲೆ ಟೇಲರ್ರು ಬೇಡವಾದರು. ಬೇಡ ಎಂದು ನಾನು ಹೇಳಿದೆನೇ? ಛೆ, ನಮ್ಮ ಕಡೆ ಹಾಗೆಲ್ಲ ಮುಖ ಮುರಿದು ಹೇಳುವ ಪದ್ಧತಿ ಇಲ್ಲ. ಹೆಣ್ಣು ನೋಡಿ ಒಪ್ಪದಿದ್ದರೂ ಅವಲಕ್ಕಿ ತಿಂದು, ಎಲೆಯಡಿಕೆಯ ಕವಳ ಹಾಕಿ, 'ನೋಡುವಾ' ಎಂದು ಏಳುತ್ತೇವೆ. ಮುಂದಿನದನ್ನು ಅವರೇ ತಿಳಿದುಕೊಳ್ಳಬೇಕು. ಟೇಲರ್ರು ಫೋನು ಮಾಡಿದಾಗ ನಾನೂ ಅದನ್ನೇ ಹೇಳಿದೆ. ಈ ಸಲದ್ದು ಸಣ್ಣ ಕಾರ್ಯಕ್ರಮ, ಮುಂದಿನದಕ್ಕೆ ನೋಡುವಾ. ಹೀಗೆ ನೋಡುತ್ತಾ ನೋಡುತ್ತಾ ಎರಡು ವರ್ಷವಾಯಿತು.

ತೊಂದರೆ ಏನೆಂದರೆ ಅವರ ಒಂದು ಜೊತೆ ತಬಲಾ ನನ್ನ ಮನೆಯಲ್ಲಿಯೇ ಇತ್ತು. ಬಸ್ಸಿನಲ್ಲಿ ಹೊತ್ತು ತಿರುಗುವುದು ಕಷ್ಟವೆಂದು, ನಾನು ಮಕ್ಕಳಿಗೆ ಹಾಡು ಹೇಳಿಕೊಡುವ ಪಾಠದ ಕೋಣೆಯ ಕಪಾಟಿನ ಮೇಲೆ ಇಟ್ಟುಹೋಗಿದ್ದರು. ಅದಕ್ಕೆ ಅವರೇ ಹೊಲಿದ ಕೆಂಪು ಗವಸು. ತಬಲಾ ಅಲ್ಲಿರುವವರೆಗೆ ತಾವಿನ್ನೂ ನನ್ನ ತಬಲಾದವರು ಎಂಬ ನಂಬಿಕೆ ಅವರದ್ದು. ಅವರು ತಾವಾಗಿಯೇ ಬಂದು ತೆಗೆದುಕೊಂಡು ಹೋದರೆ ಸಾಕಪ್ಪ ಎಂಬ ಆಸೆ ನನ್ನದು. ಹೋಗಲಿ ಎಂದೂ ಇತ್ತು, ಹದಿನೆಂಟು ವರ್ಷದ ಸ್ನೇಹ ಕೆಡಬಾರದು ಎಂದೂ ಇತ್ತು. ನನ್ನ ಹೆಂಡತಿ ಒಂದು ದಿನ ಕಪಾಟು ಒರೆಸುತ್ತ ಹೇಳಿದಳು: "ನಿಂಗ ಅವ್ರಿಗೆ ಬನ್ನಿ ಹೇಳೂ ಹೇಳಿದ್ರಿಲ್ಲೆ, ಬ್ಯಾಡ ಹೇಳೂ ಹೇಳಿದ್ರಿಲ್ಲೆ. ಇದೆಂತಾ ಕತೆ?" ನಾನು ಕೇಳಿಸದವನ ಹಾಗೆ ಪೇಪರು ಓದಿದೆ.

ಆಮೇಲೆ ವಜ್ರಳ್ಳಿಯ ಕಾರ್ಯಕ್ರಮ ಬಂತು. ಕೊನೆಯ ಹಾಡಿನ ಕೊನೆಯ ಚರಣದಿಂದ ಪಲ್ಲವಿಗೆ ಮರಳುವಾಗ ವಾದ್ಯಗಳೆಲ್ಲ ನಿಂತು ನನ್ನ ಕಂಠವೊಂದೇ ಉಳಿಯಬೇಕು, ಜನ ಕಣ್ಣೊರೆಸಿಕೊಳ್ಳಬೇಕು ಎಂದು ಯೋಜನೆ ಹಾಕಿದ್ದೆ. ಚರಣ ಮುಗಿಯುತ್ತ ಬಂತು. ಒಂದೊಂದೇ ಗುಂಡಿ ಒತ್ತಿದೆ. ಗಿಟಾರು ಅರ್ಧ ಮೀಟಿನಲ್ಲಿ ಸತ್ತಿತು. ಕೊಳಲಿಗೆ ಉಸಿರು ಕಟ್ಟಿತು. ತಬಲಾ 'ಧಿನ್' ಎನ್ನಲು ಹೊರಟದ್ದು 'ಧಿ'ಗೇ ಮುಗಿಯಿತು. ಸಭೆಯವರೆಲ್ಲ ಒಟ್ಟಿಗೆ ತಲೆಯೆತ್ತಿ ಫ್ಯಾನು ನೋಡಿದರು. ಕರೆಂಟು ಹೋಯಿತೆಂದು ಅವರ ತೀರ್ಮಾನ. ಮೈಕ್‌ಸೆಟ್ಟಿನವನು ಜನರೇಟರಿನ ಕಡೆ ಓಡಿದ. ಮುಂದಿನ ಸಾಲಿನ ನಾಲ್ವರು ಹಾಡು ಮುಗಿಯಿತೆಂದು ಮಜ್ಜಿಗೆಗೆ ಎದ್ದರು. ವಂದನಾರ್ಪಣೆಯವರಂತೂ ಚೀಟಿ ಬಿಡಿಸಿಕೊಂಡು ಮೈಕಿಗೆ ಬಂದೇಬಿಟ್ಟರು. ನಾನು ಬಾಯಲ್ಲಿ ಪಲ್ಲವಿ ಇಟ್ಟುಕೊಂಡು ನಿಂತಿದ್ದೆ. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ, ನನ್ನೊಬ್ಬನನ್ನು ಬಿಟ್ಟು.

ಮುಂದಿನ ಕಾರ್ಯಕ್ರಮ ಸಿದ್ದಾಪುರದಲ್ಲಿ, ನಿವೃತ್ತ ಮುಖ್ಯಾಧ್ಯಾಪಕರೊಬ್ಬರ ಸನ್ಮಾನ. ಮೂರು ವಾರ ಇತ್ತು. ಸಂಘಟಕರು ಆಮಂತ್ರಣ ಪತ್ರಿಕೆಗೆ ವಿವರ ಕೇಳಿದಾಗ ಹಳೆಯದೊಂದು ಒಕ್ಕಣೆಯನ್ನೇ ಓದದೆ ಕಳಿಸಿ, ಸಾಫ್ಟ್‌ವೇರಿನ ಮುಂದೆ ಕೂತೆ. ವಾದ್ಯವನ್ನು ಸಹಜವಾಗಿ ನಿಲ್ಲಿಸುವುದು ಹೇಗೆ? ಸದ್ದನ್ನು ನಿಧಾನ ಇಳಿಸಿ ನೋಡಿದೆ. ವಾದ್ಯದವರೆಲ್ಲ ಬಾರಿಸುತ್ತಲೇ ಹುಬ್ಬಳ್ಳಿ ಬಸ್ಸು ಹತ್ತಿ ಹೋದಂತೆ ಕೇಳಿಸಿತು. ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿ ನೋಡಿದೆ. ಮತ್ತೆ ವಜ್ರಳ್ಳಿಯೇ. ಗುಂಡಿಯ ಬದಲು ಹಾಡಿನ ಯಾವ ಮಾತ್ರೆಗೆ ಯಾವ ವಾದ್ಯ ನಿಲ್ಲಬೇಕೆಂದು ಮೊದಲೇ ಬರೆದಿಡುವ ಸೌಲಭ್ಯವೂ ಇತ್ತು. ಹಾಗೆ ಬರೆದರೆ ಆಗಲೇ ಮೀಟಿದ ಸ್ವರ ತಾನಾಗಿ ಅಡಗುವವರೆಗೆ ಉಳಿಯುತ್ತದೆ, ಕತ್ತು ಹಿಸುಕಿದ ಹಾಗೆ ಆಗುವುದಿಲ್ಲ. ಆದರೆ ಯಾವ ಮಾತ್ರೆ? ಅದನ್ನು ಯಂತ್ರ ಹೇಳುವುದಿಲ್ಲ. ಹಾಡುವವನಿಗೆ ತಾಳ ಎಲ್ಲಿ ಮುಗಿಯುತ್ತದೆಂದು ಗೊತ್ತಿರಬೇಕಲ್ಲ ಎನ್ನುತ್ತೀರಿ. ನಿಜ. ಹದಿನೆಂಟು ವರ್ಷ ಅದನ್ನು ಬೇರೊಬ್ಬರು ನೋಡಿಕೊಂಡಿದ್ದರು.

ಕಡೆಗೆ ಮಾನಗೆಟ್ಟು ಟೇಲರ್ರಿಗೇ ಫೋನು ಮಾಡಿದೆ. ಸಿದ್ದಾಪುರದಲ್ಲಿ ಕಾರ್ಯಕ್ರಮ ಇದೆ, ಭಾನುವಾರ ಮನೆಗೆ ಬರಲಾಗುತ್ತದೆಯೇ ಎಂದೆ. ಅಷ್ಟೇ ಹೇಳಿದ್ದು. ಉಳಿದದ್ದನ್ನು ಅವರು ತಾವೇ ತಿಳಿದುಕೊಂಡರು, ತಪ್ಪಾಗಿ.

ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಂದರು. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಅದರ ಜೇಬಿನಿಂದ ಇಣುಕುವ ಚಿಕ್ಕ ಸುತ್ತಿಗೆ, ಕೈಗೆ ಹಚ್ಚುವ ಪೌಡರಿನ ಡಬ್ಬಿ. ಕೋಣೆಗೆ ಕಾಲಿಟ್ಟವರೇ ಮೊದಲು ಕಪಾಟಿನ ಮೇಲೆ ನೋಡಿ, ಗವಸು ಇರುವುದನ್ನು ಕಂಡು ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನಿಸಿತು ನನಗೆ. ಆದರೂ ಲ್ಯಾಪ್‌ಟಾಪು ತೆರೆದೆ. ಒಂದು ಸಲಹೆ ಬೇಕಾಗಿತ್ತು, ಇದನ್ನು ನಿಲ್ಲಿಸುವುದು ಗೊತ್ತಾಗುತ್ತಿಲ್ಲ ಎಂದೆ. ಟೇಲರ್ರು ಜೇಬಿನ ಸುತ್ತಿಗೆಯನ್ನು ಇನ್ನಷ್ಟು ಒಳಕ್ಕೆ ತಳ್ಳಿಕೊಂಡು ಕುರ್ಚಿ ಎಳೆದು ಕೂತರು.

ಮೂರು ಸಲ ಹಾಡು ಕೇಳಿದರು. ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕಿದರು. ಯಂತ್ರದ ತಬಲಾ ಚೆನ್ನಾಗಿದೆ ಎಂದು ಹೊಗಳಿದರು, ಅದರಲ್ಲಿ ಕುಹಕವೂ ಇರಲಿಲ್ಲ. ಆಮೇಲೆ ಹೇಳಿದರು: "ಮಾಸ್ತರ, ಬಾರ್ಸಾವನ ಕೈ ಹಿಡದು ನಿಲ್ಲಸಬಾರದ್ರಿ. ನಿಲ್ತೀನಿ ಅಂತ ಅವ ಹೇಳಬೇಕು, ಕೇಳೋರಿಗೆ ಅದು ತಿಳೀಬೇಕು, ಆಮ್ಯಾಲೆ ನಿಲ್ಲಬೇಕು."

ಅವರು ಹೇಳಿದಂತೆಯೇ ಬರೆದೆ. ಪಲ್ಲವಿಗೆ ಎರಡು ಆವರ್ತ, ಅಂದರೆ ತಾಳದ ಎರಡು ಸುತ್ತು, ಮೊದಲೇ ಗಿಟಾರು ನಿಲ್ಲುವುದು. ಮುಂದಿನ ಆವರ್ತದ ಮೊದಲ ಮಾತ್ರೆಗೆ ಕೊಳಲಿನ ಸ್ವರ ಮುಗಿಯುವುದು. ತಬಲಾ ಒಂದೇ ಉಳಿದು, ತೆಳ್ಳಗಾಗಿ, ಕೊನೆಗೆ ಒಂದು ಬೋಲನ್ನು ಮೂರು ಸಲ ಬಾರಿಸಿ ನನ್ನ ಪಲ್ಲವಿಯ ಮೊದಲ ಅಕ್ಷರದ ಮೇಲೆ ಕೊನೆಯ ಪೆಟ್ಟು ಹಾಕಿ ಸುಮ್ಮನಾಗುವುದು. ಹೌದು, ಅದೇ ತಿಹಾಯಿ. ಹಾಕಿ ಕೇಳಿದೆವು. ನಾನು ಹಾಡಿದೆ. ಪೆಟ್ಟಿನ ನಾದ ತಾನಾಗಿ ಅಡಗಿತು, ನನ್ನ ದನಿಯೊಂದೇ ಉಳಿಯಿತು. ಒಳಗೆ ದೋಸೆ ಹೊಯ್ಯುತ್ತಿದ್ದ ಹೆಂಡತಿ ಸಟ್ಟುಗ ಹಿಡಿದೇ ಬಾಗಿಲಿಗೆ ಬಂದು ನಿಂತಳು.

ಟೇಲರ್ರು ಎದ್ದರು. ಕುರ್ಚಿಯನ್ನು ಇದ್ದ ಜಾಗಕ್ಕೆ ಸರಿಸಿ ಹೇಳಿದರು: "ಒಂದು ಮಿಷಿನ್ನಿಗೆ ನೋವಾಗದಂಗ ನಿಲ್ಸೋದು ಹೆಂಗ ಅಂತ ಇಷ್ಟು ತಲಿ ಕೆಡಿಸಿಕೊಂಡ್ರಿ ಮಾಸ್ತರ. ನನಗ ಎರಡು ವರ್ಷ ಆತು, ಬ್ಯಾಡ ಅನ್ನೋ ಒಂದು ಮಾತು ನಿಮ್ಮ ಬಾಯಾಗ ಬರಲಿಲ್ಲ."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ನಾನೂ ಎರಡು ಮಾತಾಡಿ ಬಚಾವಾಗುತ್ತಿದ್ದೆ. ಅವರು ಕಪಾಟಿನಿಂದ ತಬಲಾ ಇಳಿಸಿದರು. ಗವಸು ಬಿಚ್ಚಿ, ನೆಲಕ್ಕೆ ಕೂತು, ಸುತ್ತಿಗೆ ತೆಗೆದು ಶ್ರುತಿ ಮಾಡಿದರು. ಎಷ್ಟು ಹೊತ್ತು ಹಿಡಿಯಿತೋ, ಈ ಸಲ ನಾನು ಗಡಿಯಾರ ನೋಡಲಿಲ್ಲ. ಎರಡು ಆವರ್ತ ಬಾರಿಸಿ ತಿಹಾಯಿ ಹಾಕಿ ನಿಲ್ಲಿಸಿದರು. ನನ್ನ ಮುಖ ನೋಡಲಿಲ್ಲ. ಹೆಂಡತಿ ಕೊಟ್ಟ ಚಹಾ ಕುಡಿದರು, ಯಾವಾಗಲೂ ಕೇಳುತ್ತಿದ್ದ ಎರಡನೇ ಲೋಟ ಕೇಳಲಿಲ್ಲ. ತಬಲಾವನ್ನು ಗವಸಿಗೆ ಹಾಕಿ ಹೆಗಲಿಗೆ ಏರಿಸಿಕೊಂಡು, ಬರ್ತೀನ್ರಿ ಎಂದು ಹೊರಟರು. ಇಳಿಯಲಿ ಎಂದು ನಾನು ಎರಡು ವರ್ಷದಿಂದ ಕಾದಿದ್ದ ತಬಲಾ ಕಡೆಗೂ ಇಳಿಯಿತು. ಹಾಳಾದ್ದು, ಕೋಣೆಯೇ ಬೋಳಾಯಿತು.

ಸಿದ್ದಾಪುರದಲ್ಲಿ ಹಾಡು ಎಷ್ಟು ಚೆನ್ನಾಗಿ ಮುಗಿಯಿತೆಂದರೆ ಯಾರೂ ಫ್ಯಾನು ನೋಡಲಿಲ್ಲ, ಮಜ್ಜಿಗೆಗೂ ಏಳಲಿಲ್ಲ. ಚಪ್ಪಾಳೆ ನಿಂತ ಮೇಲೆ ಕಲಾವಿದರಿಗೆ ಶಾಲು ಹೊದಿಸುವ ಕಾರ್ಯಕ್ರಮ. ನನಗೆ ಹೊದಿಸಿದರು. ಆಮೇಲೆ ನಿರೂಪಕರು ಆಮಂತ್ರಣ ಪತ್ರಿಕೆ ನೋಡಿ, ಇಷ್ಟು ಸೊಗಸಾಗಿ ಸಾಥ್ ಕೊಟ್ಟ ತಬಲಾ ವಾದಕರೂ ವೇದಿಕೆಗೆ ಬರಬೇಕು ಎಂದು ಟೇಲರ್ರ ಹೆಸರು ಕೂಗಿದರು. ನಾನು ಓದದೆ ಕಳಿಸಿದ ಹಳೆಯ ಒಕ್ಕಣೆಯಲ್ಲಿ ಅವರು ಹಾಗೆಯೇ ಉಳಿದಿದ್ದರು. ಅಧ್ಯಕ್ಷರು ಶಾಲು ಬಿಡಿಸಿ ಹಿಡಿದು ನಿಂತರು. ಎರಡನೆಯ ಸಲ ಕೂಗಿದರು. ಸಭೆಯವರು ಹಿಂದಕ್ಕೆ ತಿರುಗಿ ನೋಡಿದರು. ಮೂರನೆಯ ಸಲವೂ ಕೂಗಿದರು. ನನ್ನ ಪಕ್ಕದಲ್ಲಿ ಲ್ಯಾಪ್‌ಟಾಪು ಮಿಣಮಿಣ ಎನ್ನುತ್ತಿತ್ತು. ಅವರಿಗೆ ಇವತ್ತು ಬರಲು ಅನುಕೂಲವಾಗಲಿಲ್ಲ, ನಾನೇ ತಲುಪಿಸುತ್ತೇನೆ ಎಂದು ಮೈಕಿನಲ್ಲಿ ಹೇಳಿದೆ.

ಶಾಲು ಈಗ ಕಪಾಟಿನ ಮೇಲೆ ತಬಲಾ ಇದ್ದ ಜಾಗದಲ್ಲಿದೆ. ಎಕ್ಕಂಬಿಗೆ ಬಸ್ಸಿಗೇನು ಬರವಿಲ್ಲ. ಯಾವತ್ತು ಹೋಗುತ್ತೀರಿ ಎಂದು ಹೆಂಡತಿ ಪ್ರತಿ ಭಾನುವಾರ ಕೇಳುತ್ತಾಳೆ. ನೋಡುವಾ ಎನ್ನುತ್ತೇನೆ.