ಕೋವಿ ಆರಿಸುವಾಗ ಎದುರು ನಿಂತವನು

ನಾನು ಇದುವರೆಗೆ ಒಂದು ಗುಂಡನ್ನೂ ಹಾರಿಸಿದವನಲ್ಲ. ದೀಪಾವಳಿಯಲ್ಲಿ ಪಟಾಕಿಗೆ ಊದುಬತ್ತಿ ಮುಟ್ಟಿಸಿ ಓಡುವಾಗ ಪಟಾಕಿಗಿಂತ ಮೊದಲೇ ಸದ್ದು ಮಾಡುವವನೆಂದು ಉಡುಪಿಯ ನಮ್ಮ ಬೀದಿಯಲ್ಲಿ ನನಗೆ ಹೆಸರಿತ್ತು. ಹೀಗಿದ್ದೂ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕಾಲದ ಕೋವಿಯ ಬಗ್ಗೆ, ನಮ್ಮ ಕಡೆ ಕೇಪಿನ ಕೋವಿ ಎನ್ನುತ್ತಾರಲ್ಲ, ಅದರ ಬಗ್ಗೆ ನನ್ನಷ್ಟು ತಿಳಿದ ಅರಿವಳಿಕೆ ವೈದ್ಯ ಮಲೇಷ್ಯಾದ ಈ ಮೆಲಾಕಾ ಊರಿನಲ್ಲಿ ಇನ್ನೊಬ್ಬ ಇರಲಾರ. ಬೇಕೆಂದು ಕಲಿತದ್ದಲ್ಲ. ಮಾದಪ್ಪನವರ ಸ್ನೇಹದಿಂದ ಅಂಟಿಕೊಂಡದ್ದು.

ಮಾದಪ್ಪ ನಮ್ಮ ವೈದ್ಯಕೀಯ ಕಾಲೇಜಿನ ಶಸ್ತ್ರಚಿಕಿತ್ಸಕರು, ಕೊಡಗಿನವರು. ಅವರು ಕೊಯ್ಯುತ್ತಾರೆ, ನಾನು ಮಲಗಿಸುತ್ತೇನೆ. ಪ್ರತಿ ವರ್ಷ ಕೈಲ್‌ಪೊಳ್ದಿಗೆ, ಅಂದರೆ ಕೊಡಗಿನ ಆಯುಧ ಪೂಜೆಯ ಹಬ್ಬಕ್ಕೆ, ರಜೆ ಹಾಕಿ ಊರಿಗೆ ಹೋಗುತ್ತಾರೆ. ಅಂದು ಕೋವಿಗೆ ಗಂಧ ಹಚ್ಚಿ, ಹೂವಿಟ್ಟು ಪೂಜೆ ಮಾಡಿ, ಆಮೇಲೆ ಎತ್ತರದ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಪ್ರತಿ ವರ್ಷವೂ ಅವರ ತಮ್ಮ ತೋಟಾ ಕೋವಿಯಲ್ಲಿ ಕಾಯಿ ಉರುಳಿಸುತ್ತಾನೆ, ಅಣ್ಣನನ್ನು ನೋಡಿ ಮೀಸೆ ನೀವುತ್ತಾನೆ. ಅದಕ್ಕೆ ಮಾದಪ್ಪ ಶಪಥ ಮಾಡಿದ್ದರು: ತನ್ನದೇ ಒಂದು ಕೇಪಿನ ಕೋವಿ ಕೊಂಡು, ಅಜ್ಜನ ಹಾಗೆ ಮದ್ದು ತುಂಬಿ, ಒಂದೇ ಗುಂಡಿಗೆ ಕಾಯಿ ಕೆಡವುವುದು.

ಕೋವಿ ಕೊಳ್ಳುವುದು ಊರಿನಲ್ಲಿ, ಇಡುವುದೂ ಊರಿನಲ್ಲಿ. ಇಲ್ಲಿ ಮಲೇಷ್ಯಾದಲ್ಲಿ ಕಾನೂನು ಎಷ್ಟು ಬಿಗಿಯೆಂದರೆ ಕೋವಿ ಎಂಬ ಮಾತನ್ನೂ ನಾವು ಕನ್ನಡದಲ್ಲೇ, ಸಣ್ಣ ದನಿಯಲ್ಲಿ ಆಡುತ್ತೇವೆ. ಹಾಗಾಗಿ ನಮ್ಮ ಆಯ್ಕೆಯೆಲ್ಲ ಕಾಲೇಜಿನ ಎದುರಿನ ಮಾಮಕ್‌ನಲ್ಲಿ, ಅಂದರೆ ತಮಿಳು ಮುಸ್ಲಿಮರ ಚಹಾ ಹೋಟೆಲಿನಲ್ಲಿ, ರೊಟ್ಟಿ ಚಾನಾಯ್ ಮುರಿಯುತ್ತಾ, ಬಾಯಿಮಾತಿನಲ್ಲೇ ನಡೆಯಿತು. ಬೇಟೆಗಾದರೆ ದಪ್ಪ ಗುಂಡು ಬೇಕು, ಏಕೆಂದರೆ ಎರಡನೆಯ ಸಲ ತುಂಬುವಷ್ಟರಲ್ಲಿ ಹಂದಿ ಪಕ್ಕದ ಊರು ಸೇರಿರುತ್ತದೆ. ಗುರಿ ಪಂದ್ಯಕ್ಕೆ ಸಣ್ಣ ಗುಂಡು, ಕಡಿಮೆ ಮದ್ದು ಸಾಕು, ಭುಜಕ್ಕೂ ಸುಖ. ನಳಿಗೆಯೊಳಗಿನ ಸುರುಳಿ ಗೆರೆ ಉರುಟು ಗುಂಡಿಗೆ ನಿಧಾನವಾಗಿ ತಿರುಗಬೇಕು, ಉದ್ದ ಗುಂಡಿಗೆ ಬೇಗ. ನಳಿಗೆ ಉದ್ದವಾದಷ್ಟೂ ಗುರಿ ಸ್ಥಿರ, ಆದರೆ ಐವತ್ತೈದು ದಾಟಿದ ತೋಳು ನಡುಗುತ್ತದೆ. ಹತ್ತಿರದ ಗುರಿಮೊನೆ ಮಸುಕಾಗಿ ಕಾಣುವ ವಯಸ್ಸು, ಅದನ್ನು ನಳಿಗೆಯ ಮೇಲೆ ಸ್ವಲ್ಪ ಮುಂದಕ್ಕೆ ಕೂರಿಸಬೇಕು. ಊರಿನಲ್ಲಿ ಬೇಟೆಯಾಡಲು ಈಗ ಕಾನೂನು ಬಿಡುವುದಿಲ್ಲ. ಆದರೂ ನಮ್ಮ ಮಾತಿನ ಬೇಟೆಯಲ್ಲಿ ಒಂದು ಹಂದಿಯೂ ಉಳಿಯಲಿಲ್ಲ.

ಈ ಪಾಠಗಳಲ್ಲಿ ಮಾದಪ್ಪ ಮೇಜು ಕುಟ್ಟಿ ಹೇಳಿದ ಒಂದು ಮಾತಿತ್ತು. ತೋಟಾ ಕೋವಿಯನ್ನು ಮಡಚಿ ಒಳಗೆ ಇಣುಕಬಹುದು, ಕೇಪಿನ ಕೋವಿಗೆ ಆ ಭಾಗ್ಯವಿಲ್ಲ. ತುಂಬಿದೆಯೋ ಇಲ್ಲವೋ ಹೊರಗಿನಿಂದ ಹೇಳಲಾಗದು. ಮದ್ದು ಜಡಿಯುವ ಕೋಲಿಗೆ ಗಜ ಎನ್ನುತ್ತಾರೆ. ಆ ಗಜವನ್ನು ಒಳಗಿಳಿಸಿ, ಬಾಯಿಯ ಮಟ್ಟದಲ್ಲಿ ಹೆಬ್ಬೆರಳು ಒತ್ತಿ ಗುರುತು ಹಿಡಿದು, ಹೊರತೆಗೆದು ನಳಿಗೆಯ ಪಕ್ಕ ಇಟ್ಟು ನೋಡಬೇಕು. ಬುಡದವರೆಗೆ ಬಂದರೆ ಖಾಲಿ, ಗಿಡ್ಡವಾದರೆ ಒಳಗೆ ಏನೋ ಇದೆ.

ನನಗೆ ಇದು ತಕ್ಷಣ ಅರ್ಥವಾಯಿತು. ನನ್ನ ಕಸುಬಿನಲ್ಲೂ ಹಾಗೆಯೇ. ಸಿರಿಂಜಿನಲ್ಲಿರುವ ಔಷಧಗಳಲ್ಲಿ ಬಹುಪಾಲು ನೀರಿನ ಹಾಗೆ ತಿಳಿ. ಒಂದು ನಿದ್ದೆ ಬರಿಸುತ್ತದೆ, ಇನ್ನೊಂದು ಉಸಿರು ನಿಲ್ಲಿಸುತ್ತದೆ, ಮತ್ತೊಂದು ಬರಿಯ ನೀರೇ. ಹೆಸರು ಅಂಟಿಸದ ಸಿರಿಂಜನ್ನು ನಾನು ಎಸೆಯುತ್ತೇನೆ, ತುಂಬಿದವನು ನಾನೇ ಆದರೂ. ರೋಗಿಯ ಹೆಸರು, ಕಾಯಿಲೆ, ಎಡವೋ ಬಲವೋ ಎಂದು ಜೋರಾಗಿ ಕೇಳದೆ ಚಾಕು ಮುಟ್ಟಿಸಲು ಬಿಡುವುದಿಲ್ಲ. ಮಾದಪ್ಪನವರಿಗೆ ಇದೊಂದು ತಮಾಷೆ. ನರ್ಸುಗಳ ಎದುರೇ ಹೇಳುವರು, "ಇವರು ಮದುವೆ ಮಂಟಪದಲ್ಲೂ ಅಂತರಪಟ ಸರಿಸೋಕೆ ಮುಂಚೆ, ಹುಡುಗಿ ಇವಳೇ ತಾನೇ ಅಂತ ಪುರೋಹಿತರನ್ನ ಮೂರು ಸಲ ಕೇಳಿದವರು!" ನಾನು ಕೇಳಿದ್ದು ಒಂದೇ ಸಲ. ಅದು ಬೇರೆ ವಿಷಯ.

ಈಗ ಆ ಭಾನುವಾರದ ಸಂಗತಿ. ಕಂಡದ್ದನ್ನಷ್ಟೇ, ಕಂಡ ಕ್ರಮದಲ್ಲೇ ಹೇಳುತ್ತೇನೆ.

ನದಿಯ ಹತ್ತಿರ ಒಂದು ಹಳೆಯ ಸಾಮಾನಿನ ಅಂಗಡಿಯಿದೆ. ಗಡಿಯಾರ, ಎನಾಮಲ್ ಕ್ಯಾರಿಯರ್, ಅಮೃತಶಿಲೆಯ ಮೇಜು, ಎಲ್ಲವೂ ಒಂದರ ಮೇಲೊಂದು. ಹೆಂಡತಿಗೆ ಒಂದು ಲೋಟದ ಸೆಟ್ ನೋಡಲು ನಾನು ಹೋದೆ, ಮಾದಪ್ಪ ಜೊತೆಗೆ ಬಂದರು. ಗೋಡೆಯ ಮೇಲೆ, ಎರಡು ಗಡಿಯಾರಗಳ ನಡುವೆ, ಒಂದು ಉದ್ದನೆಯ ಕೋವಿ ನೇತಾಡುತ್ತಿತ್ತು. ಮರ, ಕಬ್ಬಿಣ ಎಂಬ ಭೇದವಿಲ್ಲದೆ ಇಡೀ ಮೈಗೆ ಕಪ್ಪು ವಾರ್ನಿಶ್ ಬಳಿದಿದ್ದರು. ಮಾದಪ್ಪನವರ ಮುಖ ನೋಡಿದೆ. ಲೋಟದ ಸೆಟ್ ಮರೆತುಹೋಯಿತು.

"ಡೆಕೊರೇಶನ್ ಓನ್ಲಿ, ಲಾ," ಎಂದರು ಅಂಗಡಿಯ ಚೀನೀ ಅಂಕಲ್, ಇಲ್ಲಿನವರ ವಾಡಿಕೆಯಂತೆ ಮಾತಿನ ಬಾಲಕ್ಕೊಂದು 'ಲಾ' ಅಂಟಿಸಿ, ಕೋವಿ ಇಳಿಸಿ ಕೊಡುತ್ತಾ. "ನನ್ನ ಅಪ್ಪನ ಕಾಲದ್ದು."

"ಕೊಳ್ಳೋಕಲ್ಲ ಭಟ್ರೇ," ಎಂದರು ಮಾದಪ್ಪ ನನ್ನ ಕಡೆ ತಿರುಗಿ. "ಹಿಡಿಯ ಉದ್ದ ನನ್ನ ತೋಳಿಗೆ ಸರಿಹೋಗತ್ತಾ ಅಂತ ನೋಡೋಕೆ. ಇದು ಸರಿಹೋದ್ರೆ ಊರಲ್ಲಿ ಇದೇ ಅಳತೇದು ಹುಡುಕ್ತೀನಿ. ನೀವು ಸ್ವಲ್ಪ ಎದುರು ನಿಲ್ಲಿ."

ಕೋವಿ ಮೈಗೆ ಹೊಂದುವುದೋ ಎಂದು ನೋಡಲು ಅದೇ ಹಳೆಯ ಕ್ರಮವಂತೆ. ಎದುರಿಗೆ ಒಬ್ಬ ನಿಲ್ಲಬೇಕು, ಹಿಡಿದವನು ಅವನ ಕಣ್ಣಿಗೇ ಗುರಿಯಿಡಬೇಕು. ಹಿಡಿದವನ ಕಣ್ಣು ನಳಿಗೆಯ ಮೇಲೆ ನೇರಕ್ಕೆ ಕೂತಿದೆಯೋ, ಬದಿಗೆ ಸರಿದಿದೆಯೋ ಎಂಬುದು ಎದುರಿನವನಿಗೆ ಮಾತ್ರ ಕಾಣುತ್ತದೆ. ತರ್ಕ ಸರಿಯಾಗಿಯೇ ಇತ್ತು. ನಾನು ಹೋಗಿ ಒಂದು ಕನ್ನಡಿ ಬೀರುವಿನ ಮುಂದೆ ನಿಂತೆ. ನನ್ನ ಬುದ್ಧಿಯ ಬಗ್ಗೆ ನಿಮಗೆ ಏನನಿಸಿದರೂ ಅದು ನ್ಯಾಯವೇ.

ಮಾದಪ್ಪ ಕೋವಿ ಎತ್ತಿ ಭುಜಕ್ಕೆ ಕೊಟ್ಟರು. ನಮ್ಮಿಬ್ಬರ ನಡುವೆ ಒಂದು ಮಂಚದಷ್ಟು ದೂರ. ನಳಿಗೆಯ ಬಾಯಿ ಒಂದು ಕಪ್ಪು ಬೊಟ್ಟಾಗಿ ಕಂಡಿತು, ಅದರ ಮೇಲೆ ಅವರ ಬಲಗಣ್ಣು, ನಟ್ಟ ನಡುವೆ. "ಸರಿಯಾಗಿ ಕೂತಿದೆ," ಎಂದೆ. ಅವರಿಗೆ ಖುಷಿಯಾಯಿತು. "ಟ್ರಿಗರ್ ಎಷ್ಟು ಬಿಗಿ ಇದೆ ಅಂತಾನೂ ನೋಡ್ಬಿಡ್ತೀನಿ, ಅಲ್ಲೇ ಇರಿ," ಎಂದು ಹೆಬ್ಬೆರಳಿನಿಂದ ಕುದುರೆಯನ್ನು, ಅಂದರೆ ಮದ್ದಿಗೆ ಕಿಡಿ ಕೊಡುವ ಪುಟ್ಟ ಕೇಪಿಗೆ ಬಡಿಯುವ ಆ ಸುತ್ತಿಗೆಯನ್ನು, ಹಿಂದಕ್ಕೆಳೆದರು. ಟಿಕ್ ಎಂದಿತು.

ಆಗ ನನ್ನ ಬಾಯಿಂದ ಬಂದ ಮಾತು ಧೈರ್ಯದ್ದೂ ಅಲ್ಲ, ಭಯದ್ದೂ ಅಲ್ಲ. ಬರೀ ಅಭ್ಯಾಸದ್ದು. "ಗಜ ಹಾಕಿ ನೋಡಿದ್ರಾ?"

"ಅಯ್ಯೋ ಭಟ್ರೇ! ಗೋಡೇಲಿ ನೇತಾಡೋ ಕೋವಿಗೂ ನಿಮ್ಮ ಪ್ರಶ್ನೆನಾ?"

"ಒಮ್ಮೆ ಹಾಕಿ ಮಾರಾಯ್ರೆ. ನಿಮ್ಮದೇ ಪಾಠ ಅಲ್ವಾ?"

ನಗುತ್ತಲೇ ಅವರು ನಳಿಗೆಯನ್ನು ಗೋಡೆಯ ಕಡೆ ತಿರುಗಿಸಿ, ಕುದುರೆಯನ್ನು ಹೆಬ್ಬೆರಳಲ್ಲಿ ತಡೆದು ಮೆಲ್ಲನೆ ಇಳಿಸಿದರು. ಕೋವಿಗೆ ಗಜವಿರಲಿಲ್ಲ. ಅಂಕಲ್ ಪರದೆಯ ಹಿತ್ತಾಳೆ ಸರಳು ಕೊಟ್ಟರು. ಮಾದಪ್ಪ ಅದನ್ನು ಒಳಗಿಳಿಸಿ, ಹೆಬ್ಬೆರಳಿಟ್ಟು, ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದರು. ನಾಲ್ಕು ಬೆರಳು ಗಿಡ್ಡ. ಮತ್ತೊಮ್ಮೆ ಇಳಿಸಿದರು. ನಾಲ್ಕು ಬೆರಳು ಗಿಡ್ಡ. ಮೂರನೆಯ ಸಲ ಅವರು ಇಳಿಸಲಿಲ್ಲ. ಕೋವಿಯನ್ನು ಮೇಜಿನ ಮೇಲೆ, ಹಸುಗೂಸನ್ನು ಮಲಗಿಸುವ ಹಾಗೆ, ಬಾಯಿಯನ್ನು ಇಟ್ಟಿಗೆ ಗೋಡೆಗೆ ಮಾಡಿ ಮಲಗಿಸಿದರು. ಅಂಕಲ್ ನಮ್ಮಿಬ್ಬರ ಮುಖ ನೋಡಿ, ಏನೂ ಕೇಳದೆ ಪೊಲೀಸರಿಗೆ ಫೋನು ಮಾಡಿದರು.

ಪೊಲೀಸರು ಬಂದರು, ಕೋವಿ ಒಯ್ದರು, ನಮ್ಮನ್ನೂ ಠಾಣೆಗೆ ಕರೆದೊಯ್ದು ಹೇಳಿಕೆ ಪಡೆದರು. ನಾನು ಎಲ್ಲವನ್ನೂ ನಿಧಾನವಾಗಿ, ಒಂದೂ ಬಿಡದೆ ಹೇಳಿದೆ. ಕನ್ನಡಿ ಬೀರುವಿನ ಬಣ್ಣಕ್ಕೆ ಬಂದಾಗ ಅಧಿಕಾರಿ, "ಸಾಕು, ಡಾಕ್ಟರ್, ಸಾಕು, ಲಾ," ಎಂದರು. ಕೆಲವು ದಿನಗಳ ಮೇಲೆ ಅವರೇ ತಿಳಿಸಿದರು: ಕುದುರೆಯ ಕೆಳಗೆ, ವಾರ್ನಿಶಿನ ಅಡಿಯಲ್ಲಿ, ಹಳೆಯ ಕೇಪು ಹಾಗೇ ಕೂತಿತ್ತು. ಒಳಗೆ ಸೀಸದ ಗುಂಡು, ತೆಂಗಿನ ನಾರಿನ ಉಂಡೆ, ಗಟ್ಟಿಯಾದ ಮದ್ದು. ನಾರು ಎಂದ ಕೂಡಲೇ ಮಾದಪ್ಪ ತಲೆ ತಗ್ಗಿಸಿದರು. "ನಮ್ಮಜ್ಜ ತುಂಬ್ತಿದ್ದಿದ್ದೂ ಹಾಗೇ," ಎಂದರು. ಟ್ರಿಗರ್ ಎಳೆದಿದ್ದರೆ ಸಿಡಿಯುತ್ತಿತ್ತೇ? ತಿಳಿದವರನ್ನು ಕೇಳಿದೆ. ಇಲ್ಲಿನ ತೇವಕ್ಕೆ ಬಹುಶಃ ಇಲ್ಲ ಎಂದರು. ಸಾಕ್ಷಿಯಾಗಿ ನಾನು ಹೇಳಬಹುದಾದದ್ದು ಇಷ್ಟೇ: ಆ ಬಹುಶಃದ ಎದುರು ನಿಂತಿದ್ದವನು ನಾನು.

ಅಂದು ಠಾಣೆಯಿಂದ ನೇರ ಮಾಮಕ್‌ಗೆ ಹೋದೆವು. ತೆ ತಾರಿಕ್ ಲೋಟ ತುಟಿಗೆ ತಲುಪುವಷ್ಟರಲ್ಲಿ ಅರ್ಧ ಚಹಾ ನನ್ನ ಅಂಗಿ ಕುಡಿದಿತ್ತು. ಮಾದಪ್ಪ ತಮ್ಮ ಲೋಟ ಬದಿಗೆ ಸರಿಸಿ ಹೇಳಿದರು, "ಇನ್ಮೇಲೆ ನೀವು ಕೇಳ್ತಾನೇ ಇರಿ ಭಟ್ರೇ. ನಾನು ನಕ್ಕರೂ ಕೇಳಿ."

ಮನೆಯಲ್ಲಿ ಹೆಂಡತಿ ಪೂರ್ತಿ ಕೇಳಿಸಿಕೊಂಡಳು. "ಒಂದು ಫೋಟೋಕ್ಕೆ ನಿಲ್ಲಿ ಅಂದ್ರೆ ನಿಮಗೆ ಹತ್ತು ನೆಪ ಉಂಟು," ಎಂದಳು. "ಅವರು ಕಣ್ಣಿಗೆ ಗುರಿ ಇಡ್ತೇನೆ ಅಂದ್ರೆ ಹೋಗಿ ನಿಂತದ್ದಾ?" ಮಗಳು ಮೊಬೈಲಿನಿಂದ ತಲೆಯೆತ್ತಿ, "ಅಪ್ಪಾ, ಸೀರಿಯಸ್ಲಿ?" ಎಂದಳು. ಆಮೇಲೆ ಹೆಂಡತಿ ಒಳಗೆ ಹೋಗಿ, ಹಬ್ಬವಲ್ಲದ ದಿನ ಪಾಯಸಕ್ಕೆ ಇಟ್ಟಳು.

ನೆಮ್ಮದಿ ಎಂಬುದು ನನಗೆ ಒಮ್ಮೆಗೇ ಬರಲಿಲ್ಲ. ಮುಖ ಕ್ಷೌರ ಮಾಡುವಾಗ ಕನ್ನಡಿಯಲ್ಲಿ ಎರಡು ಕಣ್ಣು ಕಂಡಾಗ ಸ್ವಲ್ಪ ಬಂತು. ಕನ್ನಡಕದ ಅಂಗಡಿಯವನು ಬಲಗಣ್ಣಿನ ನಂಬರು ಹೆಚ್ಚಾಗಿದೆ ಎಂದಾಗ ಇನ್ನಷ್ಟು ಬಂತು. ಕೆಡಲಿಕ್ಕಾದರೂ ಒಂದು ಕಣ್ಣು ಉಳಿದಿದೆಯಲ್ಲ! ಇಲ್ಲಿ ಮೆಲಾಕಾದ ಹಳೆಯ ಕೋಟೆಯ ಮುಂದಿನ ಫಿರಂಗಿಗಳೂ ಬಾಯಿಂದ ತುಂಬುವ ಜಾತಿಯವೇ. ಪ್ರವಾಸಿಗರು ಅವುಗಳ ಮೇಲೆ ಕೂತು ಐಸ್‌ಕ್ರೀಮ್ ತಿನ್ನುತ್ತಾರೆ. ನಾನು ಈಗಲೂ ಅವುಗಳ ಬಾಯಿಯ ನೇರ ತಪ್ಪಿಸಿ, ಸುತ್ತು ಹಾಕಿ ನಡೆಯುತ್ತೇನೆ.

ಮಾದಪ್ಪ ಕೊನೆಗೂ ಊರಿನಲ್ಲಿ ಕೋವಿ ಕೊಂಡರು. ಗುಂಡಿನ ಗಾತ್ರ, ಗೆರೆಯ ತಿರುವು, ನಮ್ಮ ಅಷ್ಟೂ ಚರ್ಚೆ ಬದಿಗೆ ಹೋಯಿತು. ಆ ಕೋವಿಯ ಗಜದ ಮೇಲೆ ಹಿಂದಿನ ಯಜಮಾನ ಚಾಕುವಿನಿಂದ ಎರಡು ಬಳೆ ಕೊರೆದಿದ್ದನಂತೆ. ಒಳಗಿಳಿಸಿದಾಗ ಮೇಲಿನ ಬಳೆ ನಳಿಗೆಯ ಬಾಯಿಗೆ ಬಂದರೆ ಖಾಲಿ, ಕೆಳಗಿನದು ಬಂದರೆ ತುಂಬಿದೆ. "ಗಜ ನೋಡಿ ಕೋವಿ ತಗೊಂಡೆ," ಎಂದರು ಫೋನಿನಲ್ಲಿ.

ಹಬ್ಬದ ದಿನ ವಿಡಿಯೋ ಕರೆ ಬಂತು. ಎಲ್ಲರೆದುರು ಗಜ ಇಳಿಸಿ, ಬಳೆಯನ್ನು ಕ್ಯಾಮೆರಾಕ್ಕೆ ಹಿಡಿದರು. "ಖಾಲಿ. ಕಂಡಿತಾ ಭಟ್ರೇ?"

"ಇನ್ನೊಮ್ಮೆ ತೋರಿಸಿ," ಎಂದೆ.

ಹಿಂದೆ ನಿಂತ ನೆಂಟರೆಲ್ಲ ನಕ್ಕರು. ಮಾದಪ್ಪ ನಗಲಿಲ್ಲ, ತೋರಿಸಿದರು. ಆಮೇಲೆ ಮದ್ದು, ನಾರು, ಗುಂಡು ತುಂಬಿ, ಕೇಪಿಟ್ಟು, ಮರದ ತುದಿಗೆ ಗುರಿಯಿಟ್ಟು ಹೊಡೆದರು. ಪರದೆಯ ತುಂಬ ಬಿಳಿ ಹೊಗೆ. ಹೊಗೆಯೊಳಗಿನಿಂದ ತಮ್ಮನ ಕೇಕೆ ಕೇಳಿಸಿತು. ಕರಗಿದ ಮೇಲೆ ನೋಡಿದೆ. ತೆಂಗಿನಕಾಯಿ ಕಟ್ಟಿದಲ್ಲೇ ಕೂತಿತ್ತು, ಸಿಪ್ಪೆಯೊಳಗೆ ಮೂರೂ ಕಣ್ಣು ಸುರಕ್ಷಿತವಾಗಿ. ಸ್ನೇಹಿತನಾಗಿ ನನಗೆ ಬೇಸರವಾಗಬೇಕಿತ್ತು. ಆದರೆ ಆ ಕ್ಷಣ ನಾನು ಪೂರ್ತಿ ಕಾಯಿಯ ಪಕ್ಷದಲ್ಲಿದ್ದೆ.